ಓದಲೊಂದು ಪುಸ್ತಕ ಹೇಳಿರಿ



ಕಳೆದ ತಿಂಗಳು ಬಳ್ಳಾರಿಯ ಬಸ್ ನಿಲ್ದಾಣದಲ್ಲಿ ಸಿರುಗುಪ್ಪದ ಬಸ್ಸಿಗಾಗಿ ಕಾದು ಕುಳಿತಿದ್ದೆವು. ಪರಿಚಿತ ಗೃಹಸ್ಥರೊಬ್ಬರು ಬಂದು ನಮಸ್ಕರಿಸಿದರು. ಮನೆಯವರ ಕ್ಷೇಮ, ಮಳೆ ಬೆಳೆ, ಮಕ್ಕಳ ಮದುವೆ ಎಲ್ಲ ಮಾತೂ ಮುಗಿಯಿತು. ಬಸ್ಸು ಬಂದು ನಾವು ಮೆಟ್ಟಿಲ ಮೇಲೆ ಕಾಲಿಟ್ಟ ಬಳಿಕ ಅವರು ಹಿಂದಿನಿಂದ ಕೂಗಿ ಕೇಳಿದರು: "ಶಾಸ್ತ್ರಿಗಳೇ, ಓದಾಕ ಒಂದು ಛಲೋ ಪುಸ್ತಕ ಹೇಳ್ರಿ!" ಬಸ್ಸು ಹೊರಟೇಬಿಟ್ಟಿತು. ಕಿಟಕಿಯಿಂದ ಕೈಯೆತ್ತಿ "ಪತ್ರಿಕೆಯಲ್ಲಿ ಬರೆಯುತ್ತೇವೆ" ಎಂದೆವು. ಆ ಮಾತನ್ನು ನಡೆಸಿಕೊಡಲು ಈ ತಿಂಗಳ ಅಂಕಣ.

ಈ ಪ್ರಶ್ನೆ ನಮಗೆ ಹೊಸದಲ್ಲ. ಪ್ರವಚನ ಮುಗಿದ ಮೇಲೆ, ಮದುವೆಯ ಪಂಕ್ತಿಯಲ್ಲಿ, ಗೃಹಪ್ರವೇಶದ ಗದ್ದಲದಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ನಾವೂ ಬಾಯಿಗೆ ಬಂದ ಒಂದು ಹೆಸರನ್ನು ಹೇಳಿ ಮುಂದಕ್ಕೆ ಹೋಗುತ್ತಿದ್ದೆವು. ಕೇಳುವವರಿಗೂ ಅದು ಸಹಜ, ಹೇಳುವವರಿಗೂ ಸಹಜ. ಆದರೆ ಅಂದಿನ ಪ್ರಯಾಣವು ಸಿರುಗುಪ್ಪದಲ್ಲೊಂದು ಮನೆಯನ್ನೂ ಹಿಂದಿರುಗುವಾಗ ಕುರುಗೋಡಿನಲ್ಲೊಂದು ಮನೆಯನ್ನೂ ತೋರಿಸಿತು. ಪುಸ್ತಕವೊಂದರ ಹೆಸರು ಹೇಳುವುದು ಎಷ್ಟು ಜವಾಬ್ದಾರಿಯ ಕಾರ್ಯವೆಂಬುದು ಆ ಎರಡು ಮನೆಗಳಲ್ಲಿ ನಮಗೆ ತಿಳಿಯಿತು.

ಬಸ್ಸಿನಲ್ಲಿ ಕುಳಿತಾಗ ಮೊದಲು ನೆನಪಾದದ್ದು ಬಳ್ಳಾರಿಯದೇ ಹಳೆಯ ಸಂಗತಿ. 1926ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಬಳ್ಳಾರಿಯಲ್ಲಿ ನೆರೆದಾಗ ಅದರ ಅಧ್ಯಕ್ಷಪೀಠದಲ್ಲಿ ಕುಳಿತವರು ಫ. ಗು. ಹಳಕಟ್ಟಿಯವರು. ಧಾರವಾಡದಲ್ಲಿ ಹುಟ್ಟಿ ವಿಜಯಪುರದಲ್ಲಿ ವಕೀಲರಾಗಿದ್ದ ಆ ಮಹನೀಯರು ಮನೆಮನೆಗಳಲ್ಲಿದ್ದ ತಾಳೆಯೋಲೆಗಳನ್ನು ಹುಡುಕಿ, ಓದಿ, ನಕಲು ಮಾಡಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ಮುಂದೆ ಸ್ವಂತ ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ಬಳ್ಳಾರಿಯ ಸಮ್ಮೇಳನ ನಡೆದ ವರ್ಷವೇ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಅವರು ಕೈಹಾಕುವ ಮುನ್ನ ಆ ಓಲೆಕಟ್ಟುಗಳು ಎಲ್ಲಿದ್ದವು? ಬಹುಮಟ್ಟಿಗೆ ದೇವರ ಜಗಲಿಯ ಮೇಲೆ. ಜನರಿಗೆ ಅವುಗಳ ಮೇಲೆ ಭಕ್ತಿಯಿತ್ತು, ಓದು ಇರಲಿಲ್ಲ. ಹಳಕಟ್ಟಿಯವರು ಅವುಗಳನ್ನು ಜಗಲಿಯಿಂದ ಇಳಿಸಿ ನಮ್ಮ ಕೈಗೆ ಕೊಟ್ಟರು. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಕುರುಗೋಡಿಗೆ ಹೋದಾಗ ಇದು ಮತ್ತೆ ಬರುತ್ತದೆ.

ಹನ್ನೆರಡು ವರ್ಷಗಳ ಬಳಿಕ, 1938ರಲ್ಲಿ, ಸಮ್ಮೇಳನ ಮತ್ತೆ ಬಳ್ಳಾರಿಗೆ ಬಂದಿತು. ಆಗ ಅಧ್ಯಕ್ಷರು ರಂಗನಾಥ ದಿವಾಕರರು. ಸ್ವಾತಂತ್ರ್ಯ ಹೋರಾಟದ ಈ ಹಿರಿಯರು 'ವಚನಶಾಸ್ತ್ರ ರಹಸ್ಯ'ವೆಂಬ ಗ್ರಂಥವನ್ನು ಬರೆದವರು. ವಚನವು ಒಂದು ಮನೆತನದ, ಒಂದು ಸಮಾಜದ ಸೊತ್ತಲ್ಲ, ಓದಿದವರ ಸೊತ್ತು ಎಂಬುದಕ್ಕೆ ಅವರೇ ಸಾಕ್ಷಿ.

ಇನ್ನೊಂದು ಸಂಗತಿ. ಹರಪನಹಳ್ಳಿಯಲ್ಲಿ ಹುಟ್ಟಿ ಬಳ್ಳಾರಿಯಲ್ಲಿ ಪೊಲೀಸ್ ಇಲಾಖೆಯ ನೌಕರಿಯಲ್ಲಿದ್ದ ರಾಯಸಂ ಭೀಮಸೇನರಾಯರಿಗೆ ಮೊದಲು ಕನ್ನಡ ಪುಸ್ತಕಗಳೆಂದರೆ ಒಲವಿರಲಿಲ್ಲ. ಅ. ನ. ಕೃಷ್ಣರಾಯರ 'ಸಂಧ್ಯಾರಾಗ' ಕಾದಂಬರಿಯನ್ನು ಓದಿದ ಮೇಲೆ ಅವರ ಮನಸ್ಸು ಕನ್ನಡದತ್ತ ತಿರುಗಿತು. ಅವರೇ ಮುಂದೆ ಇಡೀ ನಾಡನ್ನು ನಗಿಸಿದ 'ಬೀಚಿ'. ಒಬ್ಬ ಮನುಷ್ಯನಿಗೆ ತಕ್ಕ ಕಾಲದಲ್ಲಿ ತಕ್ಕ ಪುಸ್ತಕ ದೊರೆತರೆ ಏನಾಗುತ್ತದೆ ಎಂಬುದನ್ನು ಬಳ್ಳಾರಿಯವರಿಗೆ ಬೇರೆ ಊರಿನ ದೃಷ್ಟಾಂತದಿಂದ ತಿಳಿಸಬೇಕಾಗಿಲ್ಲ.

ಹೀಗೆ ಯೋಚಿಸುತ್ತಿರಲು ತೆಕ್ಕಲಕೋಟೆ ದಾಟಿತು, ಬತ್ತದ ಗದ್ದೆಗಳ ನಡುವೆ ಸಿರುಗುಪ್ಪ ಬಂದಿತು. ನಾವು ಹೋಗಬೇಕಾಗಿದ್ದುದು ಸಣ್ಣದೊಂದು ಅಕ್ಕಿ ಗಿರಣಿಯನ್ನು ಇಟ್ಟುಕೊಂಡಿರುವ ಮನೆಗೆ. ಮನೆಯ ಯಜಮಾನರು ಲಿಂಗೈಕ್ಯರಾಗಿ ಅಂದಿಗೆ ಒಂದು ವರ್ಷ. ಹಿಂದಿನ ವರ್ಷ ಶಿವಗಣಾರಾಧನೆಯ ದಿನ ಆ ತಾಯಿ ಮೆಲ್ಲನೆ ಕೇಳಿದ್ದರು: "ಶಾಸ್ತ್ರಿಗಳೇ, ರಾತ್ರಿ ನಿದ್ದಿ ಹತ್ತವಲ್ಲದು. ಏನಾರ ಓದಾಕ ಹೇಳ್ರಿ." ಅಂದು ಏಕೋ ನಾವು ಅವಸರ ಮಾಡಲಿಲ್ಲ. ಅವರು ಎಷ್ಟು ಓದಿದವರು, ಸಣ್ಣ ಅಕ್ಷರ ಕಾಣುತ್ತದೆಯೇ, ಹಗಲು ಹೇಗೆ ಕಳೆಯುತ್ತದೆ ಎಂದು ಕೇಳಿದೆವು. ಏಳನೆಯ ತರಗತಿಯವರೆಗೆ ಕಲಿತವರು. ಹಗಲೆಲ್ಲ ಗಿರಣಿಯ ಲೆಕ್ಕ. ನಾವು ಶಿವಶರಣೆಯರ ವಚನ ಸಂಪುಟವನ್ನು ಕಳಿಸಿಕೊಟ್ಟೆವು. ಕರ್ನಾಟಕ ಸರಕಾರದ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಪ್ರಕಟಿಸಿದ 15 ಸಂಪುಟಗಳಲ್ಲಿ ಇದು ಐದನೆಯದು. ಅಷ್ಟು ದಪ್ಪ ಪುಸ್ತಕವನ್ನು ನೋಡಿ ಅಂಜಬಾರದೆಂದು ಆಯ್ದಕ್ಕಿ ಲಕ್ಕಮ್ಮನವರ ವಚನಗಳಿರುವ ಪುಟಗಳಲ್ಲಿ ಒಂದು ದಾರವಿಟ್ಟು, ಇಷ್ಟನ್ನೇ ಓದಿರೆಂದು ಚೀಟಿ ಬರೆದಿದ್ದೆವು.

ಲಕ್ಕಮ್ಮನವರ ಕಥೆ ನಮ್ಮ ಓದುಗರಿಗೆ ತಿಳಿಯದ್ದಲ್ಲ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇದು ಅಗತ್ಯವಲ್ಲ, ಆಸೆ ಎಂದು ಲಕ್ಕಮ್ಮನವರು ಅದನ್ನು ಇದ್ದಲ್ಲಿಗೇ ಮರಳಿ ಸುರಿದು ಬರಹೇಳಿದರು. ಅಕ್ಕಿಯ ನಡುವೆಯೇ ಬಾಳುವ ತಾಯಿಗೆ ಅಕ್ಕಿಯ ಮಾತು ಹಿಡಿಸೀತೆಂಬುದು ನಮ್ಮ ಲೆಕ್ಕ.

ಈ ವರ್ಷ ಪ್ರಸಾದ ಮುಗಿದ ಮೇಲೆ ಆ ತಾಯಿಯನ್ನು ಕೇಳಿದೆವು: "ಪುಸ್ತಕ ಓದಿದಿರಾ ತಾಯಿ?" ಅವರು ನಕ್ಕರು. "ಓದಿದ್ನಿರಿ. ನಿದ್ದಿ ಬರಲಿ ಅಂತ ಕೇಳಿದ್ರ, ಇದ್ದ ನಿದ್ದಿನೂ ಕಳದ್ರಿ ನೀವು" ಎಂದರು. ಸಂಗತಿ ಇಷ್ಟು. ಗಿರಣಿಯ ಅಂಗಳದಲ್ಲಿ ಚೆಲ್ಲಿದ ಕಾಳು, ನುಚ್ಚುಗಳನ್ನು ಹೆಣ್ಣಾಳುಗಳು ದಿನವೂ ಗುಡಿಸಿ ಕೂಡಿಸುತ್ತಾರೆ. ಹಾಗೆ ಕೂಡಿದ್ದು ಇದುವರೆಗೆ ಗಿರಣಿಯ ಲೆಕ್ಕಕ್ಕೇ ಸೇರುತ್ತಿತ್ತು. ಲಕ್ಕಮ್ಮನವರನ್ನು ಓದಿದ ಮೇಲೆ ಆ ಅಕ್ಕಿ ಯಾರದೆಂಬ ಪ್ರಶ್ನೆ ಈ ತಾಯಿಯನ್ನು ಬಿಡಲಿಲ್ಲ. ಗುಡಿಸಿದವರೇ ಒಯ್ಯಲಿ ಎಂದು ಮಗನಿಗೆ ಹೇಳಿದರು. ಮಗ ಕೆಟ್ಟವನಲ್ಲ; ಆದರೆ ಬ್ಯಾಂಕಿನ ಸಾಲ ಅವನ ತಲೆಯ ಮೇಲಿದೆ. "ಅವ್ವಾ, ಪುಸ್ತಕ ಓದಿ ಗಿರಣಿ ನಡಸಾಕ ಆಗತ್ತೇನು? ಇವತ್ತು ಗುಡಿಸಿದ್ದು ಅಂದ್ರ ನಾಳೆ ಚೀಲಾನೇ ಚೆಲ್ಲತಾರ" ಎಂದನಂತೆ. ಈಗ ವಾರದಲ್ಲಿ ಮೂರು ದಿನದ್ದು ಆಳುಗಳಿಗೆ, ಉಳಿದದ್ದು ಗಿರಣಿಗೆ. ಮಾತು ಇನ್ನೂ ಮುಗಿದಿಲ್ಲ.

ನಾವು ತೀರ್ಪು ಕೊಡಲು ಹೋಗಲಿಲ್ಲ. ತಾಯಿಯ ಮಾತೂ ಸರಿ, ಮಗನ ಅಂಜಿಕೆಯೂ ಸುಳ್ಳಲ್ಲ. ಆದರೆ ಒಂದು ಪುಸ್ತಕವು ಮನೆಯೊಳಗೆ ಬಂದು, ಜಗಲಿಯನ್ನು ಹತ್ತದೆ ಅಂಗಳಕ್ಕೆ ಇಳಿದು, ಕಾಳಿನ ಲೆಕ್ಕ ಕೇಳಿತಲ್ಲ! ಓದು ಎಂದರೆ ಇದು. ಇನ್ನೊಂದು ಸಂತೋಷದ ಮಾತು: ಸೊಸೆ ಆದೋನಿಯ ಕಡೆಯವಳು, ತೆಲುಗು ಶಾಲೆಯಲ್ಲಿ ಕಲಿತವಳು. ಅತ್ತೆ ಗಟ್ಟಿಯಾಗಿ ಓದುತ್ತಾರೆ, ಸೊಸೆ ಕೇಳಿ ಅರ್ಥ ಮಾಡಿಕೊಳ್ಳುತ್ತಾಳೆ.

ಮರುದಿನ ಕುರುಗೋಡಿಗೆ ಹೋದೆವು. ಸಿಂದ ಅರಸರ ಊರು. ಏಕಶಿಲೆಯ ದೊಡ್ಡಬಸವೇಶ್ವರನ ಸನ್ನಿಧಿ. ದರ್ಶನ ಮುಗಿಸಿ ಹೊರಬರುತ್ತಿದ್ದಾಗ ಐವತ್ತರ ಸಮೀಪದ ಒಬ್ಬರು ಬಂದು ಪಾದ ಮುಟ್ಟಿ, "ನನ್ನ ಗುರುತು ಹತ್ತಲಿಲ್ಲೇನ್ರಿ? ಜಾತ್ರ್ಯಾಗ ಪುಸ್ತಕ ಕೊಟ್ಟಿದ್ರಿ" ಎಂದರು. ಆಗ ನೆನಪಾಯಿತು. ಸುಮಾರು 30 ವರ್ಷಗಳ ಹಿಂದೆ ಜಾತ್ರೆಯ ಪ್ರವಚನ ಮುಗಿದ ಮೇಲೆ ಪಿ.ಯು.ಸಿ. ಓದುತ್ತಿದ್ದ ಹುಡುಗನೊಬ್ಬ ಬಂದು ಓದಲು ಪುಸ್ತಕ ಹೇಳಿರೆಂದು ಕೇಳಿದ್ದ. ನಮಗಾಗ ಮಠದ ಪಾಠದ ಹುರುಪು. ವಚನವಾಙ್ಮಯದ ಶಿಖರವೆಂದರೆ ಶೂನ್ಯಸಂಪಾದನೆ. ಅದಕ್ಕಿಂತ ಕೆಳಗಿನದನ್ನು ಹೇಳುವುದು ನಮ್ಮ ಘನತೆಗೆ ಕುಂದೆಂದು ಬಗೆದು, ಕೈಯಲ್ಲಿದ್ದ ಪ್ರತಿಯನ್ನೇ ಕೊಟ್ಟು ಹರಸಿ ಕಳಿಸಿದ್ದೆವು. ದೊಡ್ಡ ಉಪಕಾರ ಮಾಡಿದೆವೆಂದು ಹಲವು ದಿನ ಹಿಗ್ಗಿದ್ದೂ ಉಂಟು.

ಅವರು ನಮ್ಮನ್ನು ಮನೆಗೆ ಕರೆದೊಯ್ದರು. ಗೊಬ್ಬರದ ಅಂಗಡಿ, ಹಿಂದೆಯೇ ಮನೆ. ದೇವರ ಜಗಲಿಯ ಮೇಲೆ ಕೆಂಪು ವಸ್ತ್ರದಲ್ಲಿ ಸುತ್ತಿದ ಅದೇ ಪುಸ್ತಕ! ಮೇಲೆ ವಿಭೂತಿಯ ಮೂರು ಗೆರೆ, ಒಂದು ಹೂವು. ದಿನವೂ ಪೂಜೆ ನಡೆಯುತ್ತಿದೆ. ವಸ್ತ್ರ ಬಿಚ್ಚಿ ನೋಡಿದೆವು. ಹನ್ನೊಂದನೆಯ ಪುಟದವರೆಗೆ ಅಲ್ಲಲ್ಲಿ ಪೆನ್ಸಿಲ್ ಗೀಟುಗಳಿದ್ದವು, ಅರ್ಥವಾಗದ ಪದಗಳ ಕೆಳಗೆ. ಮುಂದಿನ ಹಾಳೆಗಳು ಬಿಚ್ಚಿದ ಗುರುತೇ ಇರಲಿಲ್ಲ. ಅವರು ತಲೆ ತಗ್ಗಿಸಿ ಹೇಳಿದರು: "ತಿಳೀಲಿಲ್ರಿ. ಎರಡು ಸಲ ಮೊದಲಿಂದ ಓದಿದೆ. ನನ್ನ ತಲೀನೇ ದಡ್ಡು ಅನಿಸ್ತು. ಆಮ್ಯಾಲ ಮತ್ತ ಯಾವ ಪುಸ್ತಕಾನೂ ಹಿಡೀಲಿಲ್ಲ."

ಈ ಮಾತು ಕೇಳಿ ನಮಗೆ ಆದ ಸಂಕಟವನ್ನು ಬರೆದು ತಿಳಿಸಲಾರೆವು. ಆ ಪುಸ್ತಕದಲ್ಲಿ ದೋಷವಿಲ್ಲ. ಅದು ಲೋಕದ ಮಹಾಗ್ರಂಥಗಳಲ್ಲೊಂದು. ಆ ಹುಡುಗನಲ್ಲಿಯೂ ದೋಷವಿರಲಿಲ್ಲ. ಅರ್ಥವಾಗದ್ದನ್ನು ಎರಡು ಸಲ ಓದಿದವನು ದಡ್ಡನೇ? ದೋಷವೆಲ್ಲ ನಮ್ಮದು. ಬೆಡಗಿನ ವಚನಗಳೂ ಷಟ್‌ಸ್ಥಲದ ಪರಿಭಾಷೆಯೂ ತುಂಬಿರುವ ಗ್ರಂಥವನ್ನು ಗುರುವಿಲ್ಲದೆ ಒಬ್ಬನೇ ಓದೆಂದು ಹದಿನೇಳರ ಹುಡುಗನ ಕೈಗೆ ಕೊಟ್ಟೆವು. ಎರೆಭೂಮಿ ಯಾವುದು, ಮಸಾರಿ ಯಾವುದೆಂದು ಕೇಳದೆ ಬೀಜ ಹೇಳುವ ರೈತನುಂಟೇ? ನಾವು ಕೇಳಲಿಲ್ಲ. ಅದರ ಫಲವಾಗಿ ಒಬ್ಬ ಓದುಗನ ಮೂವತ್ತು ವರ್ಷಗಳು ಬರಿದಾದವು, ಹಳಕಟ್ಟಿಯವರು ಜಗಲಿಯಿಂದ ಇಳಿಸಿದ ಸೊತ್ತು ನಮ್ಮಿಂದಾಗಿ ಮರಳಿ ಜಗಲಿಯನ್ನೇರಿತು.

ಗ್ರಂಥಾಲಯ ವಿಜ್ಞಾನದ ಆಚಾರ್ಯರಾದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಮದರಾಸಿನಲ್ಲಿದ್ದಾಗ ಐದು ಸೂತ್ರಗಳನ್ನು ಪ್ರಕಟಿಸಿದರು. ಆಗ ನಮ್ಮ ಬಳ್ಳಾರಿಯೂ ಮದರಾಸು ಪ್ರಾಂತದಲ್ಲಿತ್ತು. ಓದುಗನಿಗೆ ತಕ್ಕ ಪುಸ್ತಕವೂ ಪುಸ್ತಕಕ್ಕೆ ತಕ್ಕ ಓದುಗನೂ ದೊರೆಯಬೇಕೆಂಬ ಆಶಯ ಅವುಗಳಲ್ಲಿ ಎರಡರದು. ನಾವು ಪುಸ್ತಕದ ದೊಡ್ಡತನವನ್ನಷ್ಟೇ ನೋಡಿದೆವು; ಓದುಗನನ್ನು ನೋಡಲಿಲ್ಲ.

ಇನ್ನು ಬಸ್ ನಿಲ್ದಾಣದ ಗೃಹಸ್ಥರಿಗೆ ಕೊಟ್ಟ ಮಾತು. ನಿಮ್ಮ ಮನೆಯಲ್ಲಿ ಓದುವವರು ಯಾರೆಂಬುದನ್ನು ನೋಡಿಕೊಂಡು ಕೆಳಗಿನವುಗಳಲ್ಲಿ ಆಯ್ದುಕೊಳ್ಳಬೇಕು.

ಕಥೆ ಬೇಕೆನ್ನುವ ಹರೆಯದವರಿಗೆ ಬಿ. ಪುಟ್ಟಸ್ವಾಮಯ್ಯನವರ ಕಾದಂಬರಿಮಾಲೆಯನ್ನು ಕೊಡಿರಿ. 'ಉದಯರವಿ'ಯಿಂದ 'ಕ್ರಾಂತಿ ಕಲ್ಯಾಣ'ದವರೆಗೆ ಆರು ಕಾದಂಬರಿಗಳು. ಕೊನೆಯದಕ್ಕೆ 1964ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಕಲ್ಯಾಣದ ಅರಮನೆ, ಮಹಾಮನೆ, ಬೀದಿಗಳೆಲ್ಲ ಕಣ್ಣಮುಂದೆ ಬರುತ್ತವೆ. ಕಾದಂಬರಿಯು ಚರಿತ್ರೆಯಲ್ಲವೆಂಬುದನ್ನು ಮಾತ್ರ ಮೊದಲೇ ಹೇಳಿರಿ. ಧರ್ಮಗ್ರಂಥವೆಂದರೆ ಓಡಿಹೋಗುವ ಹುಡುಗರಿಗೆ ಬೀಚಿಯವರನ್ನು ಕೊಟ್ಟರೂ ತಪ್ಪಿಲ್ಲ. ನಗುತ್ತ ಓದಲು ಕಲಿತವನು ಮುಂದೊಂದು ದಿನ ಗಂಭೀರವಾದುದನ್ನೂ ಓದಿಯಾನು.

ವಚನವನ್ನು ಹೊಸದಾಗಿ ಓದುವವರು ಬಸವಣ್ಣನವರಿಂದ ತೊಡಗುವುದು ಲೇಸು. ಅಂಬಿಗರ ಚೌಡಯ್ಯನವರ ನೇರನುಡಿ ದುಡಿಯುವವರಿಗೆ ಬೇಗ ಹಿಡಿಸುತ್ತದೆ. ಅಲ್ಲಮಪ್ರಭುಗಳಲ್ಲಿಗೆ ಹೋಗುವ ಮನಸ್ಸಾದವರು ವಿಜಯಪುರದ ಜ್ಞಾನಯೋಗಾಶ್ರಮದ ಲಿಂಗೈಕ್ಯ ಸಿದ್ಧೇಶ್ವರ ಸ್ವಾಮಿಗಳ 'ಅಲ್ಲಮಪ್ರಭುದೇವರ ವಚನ ನಿರ್ವಚನ'ವನ್ನು ಜೊತೆಗಿಟ್ಟುಕೊಳ್ಳಲಿ. ಶೂನ್ಯಸಂಪಾದನೆಯನ್ನು ನಾಲ್ವರು ಕೂಡಿ, ಬಲ್ಲವರೊಬ್ಬರನ್ನು ನಡುವೆ ಕೂರಿಸಿಕೊಂಡು ಓದಿರಿ. ಅದು ಸಂವಾದದ ಗ್ರಂಥ, ಸಂವಾದದಲ್ಲಿಯೇ ತೆರೆದುಕೊಳ್ಳುತ್ತದೆ.

ಓದಲು ಬಾರದ ಅಥವಾ ಕಣ್ಣು ಕಾಣದ ಹಿರಿಯರಿಗೆ ಚಾಮರಸನ 'ಪ್ರಭುಲಿಂಗಲೀಲೆ'ಯನ್ನು ರಾಗವಾಗಿ ಓದಿ ಕೇಳಿಸಿರಿ. ಭಾಮಿನಿ ಷಟ್ಪದಿ ಕಿವಿಗೆಂದೇ ಹುಟ್ಟಿದ ಛಂದಸ್ಸು. ಹಂಪೆಯ ವಿರೂಪಾಕ್ಷನ ಸನ್ನಿಧಿಯಲ್ಲಿದ್ದ ಹರಿಹರನ 'ಬಸವರಾಜದೇವರ ರಗಳೆ'ಯಲ್ಲಿ ಗದ್ಯಭಾಗಗಳೂ ಇರುವುದರಿಂದ ಹಳಗನ್ನಡದ ಅಂಜಿಕೆಯುಳ್ಳವರು ಅರ್ಥಸಹಿತವಾದ ಪ್ರತಿಯಲ್ಲಿ ಅಲ್ಲಿಂದಲೇ ಆರಂಭಿಸಬಹುದು.

ನಮ್ಮ ಗಡಿನಾಡಿನಲ್ಲಿ ತೆಲುಗು ಮನೆಮಾತಿನ ಅಥವಾ ತೆಲುಗು ಶಾಲೆಯ ಸೊಸೆಯಂದಿರು ಬಹಳ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂದು ಆದೋನಿ ಆಂಧ್ರಕ್ಕೆ ಸೇರಿದರೂ ಬೀಗತನಗಳು ನಿಂತಿಲ್ಲವಷ್ಟೆ. ಅವರಿಗೆ ಪಾಲ್ಕುರಿಕೆ ಸೋಮನಾಥನ ತೆಲುಗು 'ಬಸವಪುರಾಣ'ವನ್ನು ತರಿಸಿಕೊಡಿರಿ. ಅದನ್ನೇ ಆಧರಿಸಿ ಭೀಮಕವಿ 1369ರಲ್ಲಿ ಕನ್ನಡ 'ಬಸವಪುರಾಣ'ವನ್ನು ರಚಿಸಿದನು. ಅತ್ತೆ ಕನ್ನಡದ್ದನ್ನೂ ಸೊಸೆ ತೆಲುಗಿನದನ್ನೂ ಹಿಡಿದು ಕುಳಿತರೆ ಅದೇ ಒಂದು ಅನುಭವಮಂಟಪ. ಬೆಂಗಳೂರಿನ ಬಸವ ಸಮಿತಿಯು ಆಯ್ದ 2500 ವಚನಗಳನ್ನು ತೆಲುಗೂ ಸೇರಿದಂತೆ ಅನೇಕ ಭಾಷೆಗಳಲ್ಲಿ ಹೊರತಂದಿದೆ. ಪರದೇಶದಲ್ಲಿ ಬೆಳೆದು ಕನ್ನಡ ಓದಲಾರದ ಮೊಮ್ಮಕ್ಕಳಿಗೆ ಎ. ಕೆ. ರಾಮಾನುಜನ್ನರು 1973ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದ 'ಸ್ಪೀಕಿಂಗ್ ಆಫ್ ಶಿವ' ಒಂದು ಬಾಗಿಲು.

ಎರಡು ಎಚ್ಚರಿಕೆಯ ಮಾತುಗಳು. ಈಗ ಮುಂಜಾನೆಯಾದರೆ ಮೊಬೈಲಿನಲ್ಲಿ ವಚನಗಳು ಬರುತ್ತವೆ. ಬರಲಿ, ಆದರೆ ಅಂಕಿತವನ್ನು ನೋಡಿರಿ. ಬಸವಣ್ಣನವರದೆಂದು ಹೇಳಿ ಕೂಡಲಸಂಗಮದೇವನ ಅಂಕಿತವೇ ಇಲ್ಲದಿದ್ದರೆ ಸಂಶಯಪಡಿರಿ. ಅಂಕಿತವಿದ್ದ ಮಾತ್ರಕ್ಕೂ ನಂಬಬೇಡಿರಿ. ಸಂಪುಟ ತೆರೆದು ಹುಡುಕಿರಿ. ಎರಡನೆಯದು, ಪುಸ್ತಕಕ್ಕೆ ಹಣವಿಲ್ಲವೆಂಬ ಮಾತು. ನಾವು ಕಟ್ಟುವ ಮನೆಕಂದಾಯದ ಜೊತೆಗೆ ಶೇಕಡಾ 6ರಷ್ಟು ಗ್ರಂಥಾಲಯ ಕರ ಸೇರಿರುತ್ತದೆ. 1965ರ ಗ್ರಂಥಾಲಯ ಅಧಿನಿಯಮದಿಂದ ಬಂದ ಏರ್ಪಾಡು ಅದು. ಹಣ ಕೊಟ್ಟ ಮೇಲೆ ಊರಿನ ಗ್ರಂಥಾಲಯದ ಬಾಗಿಲಿಗೆ ಹೋಗದಿರುವುದು ಪ್ರಸಾದಕ್ಕೆ ಕಾಣಿಕೆ ಕೊಟ್ಟು ಉಪವಾಸ ಮರಳಿದಂತೆ.

ಕುರುಗೋಡಿನ ಮಾತನ್ನು ಮುಗಿಸಬೇಕು. ಆ ಗೃಹಸ್ಥರಿಗೆ ಹತ್ತನೆಯ ತರಗತಿಯಲ್ಲಿ ಓದುವ ಮಗಳಿದ್ದಾಳೆ. ನಾವು ಹೊರಟು ನಿಂತಾಗ ಅವಳು ಬಾಗಿಲ ಮರೆಯಿಂದ, "ಅಜ್ಜಾರೆ, ನನಗೊಂದು ಪುಸ್ತಕ ಹೇಳ್ರಿ" ಎಂದಳು. ತಂದೆ ನಮ್ಮ ಮುಖ ನೋಡಿದರು. ನಾವು ಹೆಸರು ಹೇಳಲಿಲ್ಲ; ಮರಳಿ ಒಳಗೆ ಹೋಗಿ ಕುಳಿತೆವು. "ನಿನಗೆ ಏನು ಇಷ್ಟ ತಾಯಿ? ಯಾವ ಕಥೆ ಕೇಳಿದ್ದೀ? ಯಾವುದು ಬೇಸರ?" ಎಂದು ಕೇಳುತ್ತ ಹೋದೆವು. ಮಧ್ಯಾಹ್ನದ ಬಸ್ಸು ತಪ್ಪಿತು. ತಪ್ಪಲಿ. ಮೂವತ್ತು ವರ್ಷಗಳ ಹಿಂದೆಯೇ ತಪ್ಪಿದ್ದರೆ ಚೆನ್ನಾಗಿತ್ತು.

ಕೊನೆಗೆ ಜಗಲಿಯ ಮೇಲಿನ ಪುಸ್ತಕವನ್ನು ಅವರ ಕೈಯಿಂದಲೇ ಕೆಳಗಿಳಿಸಿ, ತಂದೆಮಗಳಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಪೆನ್ಸಿಲ್ ಗೀಟು ನಿಂತಿದ್ದ ಪುಟವನ್ನು ಓದಿ ಅರ್ಥ ಹೇಳಿದೆವು. ಒಂದೇ ಪುಟ. ಪ್ರತಿ ತಿಂಗಳು ಒಂದು ಸಲ ಬರುವುದಾಗಿ ಮಾತು ಕೊಟ್ಟು ಬಂದಿದ್ದೇವೆ. ಮುಂದಿನ ಸಲಕ್ಕೆ ಮಗಳಿಗಾಗಿ ಒಯ್ಯಬೇಕಾದ ಪುಸ್ತಕವನ್ನು ಚೀಲದಲ್ಲಿ ಇಟ್ಟಾಗಿದೆ.